ಮೊದಲು ಸುತ್ತು ಹಾಕಿ, ಆಮೇಲೆ ರಿವರ್ಸ್ ಗೇರ್ ಹಾಕಿ

ಬೆಂಗಳೂರಿನ ಯಾವುದೋ ಬಡಾವಣೆ, 30x40 ಸೈಟು. ಎಂ-ಸ್ಯಾಂಡ್ ತುಂಬಿದ ಟಿಪ್ಪರ್ ರಿವರ್ಸ್ ಬರುತ್ತಿದೆ. ಕ್ಲೀನರ್ 'ಬರ್ಲಿ ಬರ್ಲಿ' ಅಂತಾನೆ. ಮೇಸ್ತ್ರಿಯೂ ಅಂತಾನೆ. ಮನೆ ಕಟ್ಟಿಸುತ್ತಿರುವ ಓನರ್ ಕೂಡ ಸುಮ್ನೆ ಕೈ ಆಡಿಸುತ್ತಾರೆ. ಹಿಂದಿನ ಚಕ್ರದ ಹತ್ತಿರ ಯಾರಿದ್ದಾರೆ ಅಂತ ಮೂವರಲ್ಲಿ ಒಬ್ಬರೂ ನೋಡುತ್ತಿಲ್ಲ.

ಡ್ರೈವರ್‌ಗೆ ಪಕ್ಕದ ಕನ್ನಡಿಗಳಲ್ಲಿ ಗಾಡಿಯ ಎರಡು ಬದಿ ಕಾಣುತ್ತದೆ, ನೇರ ಹಿಂದೆ ಕಾಣುವುದಿಲ್ಲ. ಗಂಟೆಗೆ 5 ಕಿ.ಮೀ. ಅಂದರೆ ನಡಿಗೆಯ ವೇಗ, ಅಲ್ವಾ? ಆದರೂ ಎರಡು ಸೆಕೆಂಡಿನಲ್ಲಿ ಗಾಡಿ ಸುಮಾರು 9 ಅಡಿ ಹಿಂದೆ ಬಂದಿರುತ್ತದೆ.

ಹಾಗಾಗಿ ರಿವರ್ಸ್ ಬೇಕೇ ಬೇಕಾ ಅಂತ ಮೊದಲು ಯೋಚಿಸಿ. ಜಾಗ ದೊಡ್ಡದಿದ್ದರೆ ಒಂದು ಗೇಟಿನಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಗೇಟು ಒಂದೇ ಇದ್ದರೆ ರಿವರ್ಸ್‌ನಲ್ಲಿ ಒಳಗೆ ಬರಲಿ, ಹೊರಗೆ ಹೋಗುವಾಗ ಮೂತಿ ರಸ್ತೆಯ ಕಡೆ ಇರಲಿ. ರಸ್ತೆಯಲ್ಲಿ ಸ್ಕೂಟರ್‌ನವರು ಯಾರಿಗೂ ಕಾಯುವುದಿಲ್ಲ.

ಎರಡನೆಯದು, ಡ್ರೈವರ್ ಇಳಿದು ಗಾಡಿಗೆ ಒಂದು ಸುತ್ತು ಹಾಕಬೇಕು. ಕನ್ನಡಿ, ಕ್ಯಾಮೆರಾ ಮೇಲಿನ ಕೆಸರು ಒರೆಸಬೇಕು. ಕಿಟಕಿ ಇಳಿಸಿ, ಹಾಡು ನಿಲ್ಲಿಸಬೇಕು.

ಮೂರನೆಯದೇ ಮುಖ್ಯ: ಸನ್ನೆ ಮಾಡುವವನು ಒಬ್ಬನೇ ಇರಬೇಕು. ಮೈಮೇಲೆ ಹೊಳೆಯುವ ಜಾಕೆಟ್, ಬಾಯಲ್ಲಿ ಸೀಟಿ ಇರಲಿ. ಕೈಯಲ್ಲಿ ಮೊಬೈಲ್ ಬೇಡ. ಅವನು ಗಾಡಿಯ ನೇರ ಹಿಂದೆ ನಿಲ್ಲಬಾರದು. ಡ್ರೈವರ್ ಬದಿಯಲ್ಲಿ, ಹತ್ತು ಅಡಿ ಪಕ್ಕಕ್ಕೆ, ಬಲಗಡೆ ಕನ್ನಡಿಯಲ್ಲಿ ಕಾಣುವ ಹಾಗೆ ನಿಲ್ಲಬೇಕು. ಸನ್ನೆ ಮಾಡುತ್ತಾ ಹಿಂದೆ ಹಿಂದೆ ನಡೆದರೆ ಕಂಬಿಗೆ ಎಡವಿ ಅವನೇ ಬೀಳುತ್ತಾನೆ. ಬಾಯಿಮಾತು ನಂಬಬೇಡಿ. ಡ್ರೈವರ್ ಬಿಹಾರದವನು, ಕೂಲಿಯವರು ರಾಯಚೂರಿನವರು, ಮೇಲೆ ಮಿಕ್ಸರ್ ಸದ್ದು. ನಮ್ಮ ಬಸ್ ಕಂಡಕ್ಟರ್ ಪದ್ಧತಿಯೇ ಸಾಕು: ಒಂದು ಸೀಟಿಗೆ ನಿಲ್ಲು, ಎರಡಕ್ಕೆ ಹೊರಡು. ನಿಲ್ಲು ಅಂತ ಯಾರು ಕೂಗಿದರೂ ನಿಲ್ಲಬೇಕು. ಸನ್ನೆಯವನು ಕನ್ನಡಿಯಿಂದ ಮರೆಯಾದರೂ ಅಷ್ಟೇ, ಬ್ರೇಕ್.

ರಿವರ್ಸ್ ಹಾರ್ನ್ ಇರಲೇಬೇಕು. ಆದರೆ ದಿನಪೂರ್ತಿ ಕುಂಯ್ ಕುಂಯ್ ಕೇಳಿದ ಕಿವಿ ಸಂಜೆಗೆ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಪಾಯದ ಗುಂಡಿಗೆ ಮಣ್ಣು ತುಂಬುವಾಗ ಟಿಪ್ಪರನ್ನು ಅಂಚಿನವರೆಗೆ ಬಿಡಬೇಡಿ. ದೂರದಲ್ಲೇ ಸುರಿಸಿ, ಜೆಸಿಬಿಯಿಂದ ತಳ್ಳಿಸಿ. ಕಾಂಕ್ರೀಟ್ ದಿನ ಮಿಕ್ಸರ್ ಲಾರಿಗೂ ಪಂಪಿಗೂ ನಡುವೆ ಯಾರೂ ನುಸುಳಬಾರದು. ಲಾರಿ ಪೂರ್ತಿ ನಿಂತು ಹ್ಯಾಂಡ್‌ಬ್ರೇಕ್ ಹಾಕಿದ ಮೇಲೇ ಹತ್ತಿರ ಹೋಗಲಿ. ರಾತ್ರಿ ಕೆಲಸವಿದ್ದರೆ ಲಾರಿ ಹಿಂದೆ ಬರುವ ಜಾಗಕ್ಕೆ ದೀಪ ಇರಲಿ.

ಇನ್ನು ಮಧ್ಯಾಹ್ನದ ಊಟದ ಹೊತ್ತು. ನಿಂತ ಟಿಪ್ಪರ್ ನೆರಳಲ್ಲಿ ಜನ ಮಲಗುತ್ತಾರೆ, ಮಕ್ಕಳೂ ಮಲಗುತ್ತವೆ. 50ಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ಕಡೆ ಮಕ್ಕಳಿಗೆ ಕೋಣೆ ಇರಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಐದಾರು ಜನರ ಸಣ್ಣ ಸೈಟಿಗೆ ಆ ಲೆಕ್ಕ ತಾಗುವುದಿಲ್ಲ, ಮಗು ಮಾತ್ರ ಅಲ್ಲೂ ಇರುತ್ತದೆ. ಗಾಡಿ ಓಡಾಡದ ಮೂಲೆಯಲ್ಲಿ ನೆರಳು ಮಾಡಿಕೊಡಿ. ನಾಲ್ಕು ಸರ್ವೆ ಮರದ ಕಂಬ, ಒಂದು ಟಾರ್ಪಾಲು. ಎರಡೂ ಸೈಟಿನಲ್ಲೇ ಬಿದ್ದಿರುತ್ತವೆ.