ಜ್ವರ ಇಳಿದ ಮೇಲೆ ಮಗು ಹೇಗಿದೆ ನೋಡಿ

ನಾನು ಸಿದ್ದಾಪುರದ ಕಡೆ ಆಶಾ ಕಾರ್ಯಕರ್ತೆ. ಮಳೆ ಹಿಡಿದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಮಕ್ಕಳಿಗೆ ಸಾಲಾಗಿ ಜ್ವರ. "ಅಕ್ಕಾ, 102 ಇದೆ, ಏನ್ ಮಾಡ್ಲಿ?" ಅಂತ ಫೋನ್ ಬರುತ್ತದೆ. "ಮಗು ನಿನ್ನ ಗುರುತು ಹಿಡಿಯುತ್ತಾ?" ಅಂತ ನಾನು ಮೊದಲು ಕೇಳುತ್ತೇನೆ.

ಫ್ಲೂ, ಚಿಕನ್‌ಪಾಕ್ಸ್, ಕೈ ಕಾಲು ಬಾಯಿ ರೋಗ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ವಾಸಿಯಾಗುತ್ತವೆ. ಅಪರೂಪಕ್ಕೆ ಮೆದುಳಿಗೆ ಬಾವು ಬರುತ್ತದೆ. ಫ್ಲೂನಲ್ಲಿ ಜ್ವರ ಶುರುವಾದ ಒಂದೆರಡು ದಿನದಲ್ಲೇ ಹೀಗಾಗಬಹುದು. ಹಾಗಾಗಿ 'ಮೂರು ದಿನ ನೋಡೋಣ' ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪ್ಯಾರಸಿಟಮಾಲ್ ತೂಕ ನೋಡಿ ಕೊಡಿ, ಕಿಲೋಗೆ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 150. ಸಿರಪ್‌ಗಳ ಪವರ್ ಬೇರೆ ಬೇರೆ ಇರುತ್ತದೆ, ಬಾಟಲಿ ಮೇಲೆ ಓದಿಕೊಳ್ಳಿ. ಮುಂದಿನ ಡೋಸ್‌ಗೆ ಆರು ಗಂಟೆ ಬಿಡಿ. ಆಸ್ಪಿರಿನ್ ಬೇಡವೇ ಬೇಡ. ಅದರಿಂದ ಮೆದುಳು, ಲಿವರ್ ಎರಡೂ ಕೆಡುವ ರೇಸ್ ಸಿಂಡ್ರೋಮ್ ಬರಬಹುದು.

ಒಂದು ಗಂಟೆ ಬಿಟ್ಟು ನೋಡಿ. ಜ್ವರ ಇಳಿದು ಮಗು ಮೊಬೈಲ್‌ಗೆ ಹಟ ಮಾಡಿದರೆ ಖುಷಿಪಡಿ! ಜ್ವರ ಇಳಿದರೂ ಎಬ್ಬಿಸಿದರೆ ಏಳುತ್ತಿಲ್ಲ, ಏನೇನೋ ಬಡಬಡಿಸುತ್ತದೆ, ನಡೆಯುವಾಗ ತೂರಾಡುತ್ತದೆ, ನಿದ್ದೆಯಲ್ಲಿ ಪದೇಪದೇ ಬೆಚ್ಚುತ್ತದೆ, ವಾಂತಿ ನಿಲ್ಲುತ್ತಿಲ್ಲ, ಕತ್ತು ಬಿಗಿದಿದೆ, ಕೂಸಿನ ನೆತ್ತಿ ಉಬ್ಬಿದೆ ಅಂದರೆ ಆ ರಾತ್ರಿಯೇ ಹೊರಡಿ. ದೃಷ್ಟಿ ತೆಗೆಯುವುದು ಬೆಳಿಗ್ಗೆಗಿರಲಿ.

ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ ಬೇಡ, ನೀರು ಬೇಡ. ಕೈಗೆ ಕಬ್ಬಿಣ ಕೊಟ್ಟರೆ ಏನೂ ಆಗಲ್ಲ, ಸುಮ್ನೆ ಹೊತ್ತು ಹೋಗುತ್ತದೆ ಅಷ್ಟೇ. ಆರು ತಿಂಗಳಿಂದ ಐದು ವರ್ಷದವರಿಗೆ ಜ್ವರದ ಫಿಟ್ಸ್ ಬರುವುದುಂಟು. ಸಾಮಾನ್ಯವಾಗಿ ಕೆಲವು ನಿಮಿಷದಲ್ಲಿ ನಿಂತು, ಮಗು ಅತ್ತು ಅಮ್ಮನನ್ನು ಹುಡುಕುತ್ತದೆ. ಆಮೇಲೂ ಡಾಕ್ಟರಿಗೆ ತೋರಿಸಿ. ಐದು ನಿಮಿಷ ದಾಟಿದರೆ, ಅದೇ ದಿನ ಮತ್ತೆ ಬಂದರೆ, ಒಂದೇ ಪಕ್ಕ ಎಳೆದರೆ ತಕ್ಷಣ 108. ನಮ್ಮ ತೋಟದ ರಸ್ತೆಗೆ ಆಂಬುಲೆನ್ಸ್ ಬರುವುದು ತಡ. ಮಳೆಯಲ್ಲಿ ನೆಟ್‌ವರ್ಕೂ ಇರಲ್ಲ ಅಲ್ವಾ? ಜೀಪ್ ಇರುವ ರೈಟರ್ (ತೋಟದ ಲೆಕ್ಕ ಬರೆಯುವವರು) ಮನೆಗೆ ಮೊದಲೇ ಹೇಳಿಟ್ಟಿರಿ.

ದಡಾರದ ಲಸಿಕೆಯನ್ನು ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಮ್ಮೆ ಹಾಕಿಸಿ. ದಡಾರ ವಾಸಿಯಾಗಿ ವರ್ಷಗಳಾದ ಮೇಲೂ ಮೆದುಳಿಗೆ ಕುತ್ತು ತರಬಹುದು.

ಆಸ್ಪತ್ರೆಯಲ್ಲಿ ಜ್ವರ ಯಾವಾಗ ಬಂತು, ಏನು ಔಷಧಿ ಕೊಟ್ಟಿರಿ, ಫಿಟ್ಸ್ ಎಷ್ಟು ಹೊತ್ತಿತ್ತು ಹೇಳಿ. ವಿಡಿಯೊ ಇದ್ದರೆ ತೋರಿಸಿ. 'ನಮ್ಮ ಮಗು ಯಾವತ್ತೂ ಹೀಗಿರಲ್ಲ' ಅನ್ನುವ ಮಾತನ್ನು ನಾಚದೆ ಹೇಳಿ. ಮಾಮೂಲಿ ಜ್ವರ ಅಂತ ಕಳಿಸಿದ ಮೇಲೂ ಮಂಪರು ಜಾಸ್ತಿಯಾದರೆ ಅದೇ ಜೀಪಲ್ಲಿ ವಾಪಸ್ ಹೋಗಿ.