ಒಂದೇ ಪ್ರಶ್ನೆಯ ಕೆಳಗೆ ಹೂತಿಟ್ಟ ಗುಟ್ಟು

ನನ್ನ ಥ್ರಿಲ್ಲರ್ ಕಾದಂಬರಿಯ ಮೊದಲ ಕರಡು ಓದಿದ ಆಪ್ತರೊಬ್ಬರು ಒಂದೇ ಮಾತು ಕೇಳಿದರು. "ಇಷ್ಟು ಕೆಟ್ಟವಳ ಜೊತೆ ನಿನ್ನ ನಾಯಕಿ 15 ವರ್ಷ ಯಾಕೆ ಇದ್ದಾಳೆ?" 300 ಪುಟ ಬರೆದಿದ್ದೆ. ಆ ಪ್ರಶ್ನೆಗೆ ಒಂದರಲ್ಲೂ ಉತ್ತರ ಇರಲಿಲ್ಲ.

ಕಥೆ ಇಷ್ಟು. ಮೂವರು ಗೆಳತಿಯರು. ಓದುವ ದಿನಗಳಲ್ಲಿ ಒಂದು ರಾತ್ರಿ ಕೆರೆಯ ದಂಡೆಗೆ ಹೋಗುತ್ತಾರೆ, ಒಬ್ಬಳು ನೀರುಪಾಲಾಗುತ್ತಾಳೆ. ಉಳಿದ ಇಬ್ಬರೂ "ನಾವು ಅಲ್ಲಿರಲೇ ಇಲ್ಲ" ಅನ್ನುತ್ತಾರೆ. ಆ ಸುಳ್ಳೇ ಅವರನ್ನು ಮುಂದೆ ಕಟ್ಟಿಹಾಕುತ್ತದೆ. ಇಬ್ಬರಲ್ಲಿ ಒಬ್ಬಳು ಕಥೆ ಹೇಳುವವಳು, ಅವಳೇ ನಾಯಕಿ. ಇನ್ನೊಬ್ಬಳನ್ನು ನಾನು ಪೂರ್ತಿ ಕೆಟ್ಟವಳನ್ನಾಗಿ ಮಾಡಿದ್ದೆ. ಬರೀ ಚುಚ್ಚುತ್ತಾಳೆ, ಹೊಟ್ಟೆಕಿಚ್ಚು ಪಡುತ್ತಾಳೆ, ಬೆದರಿಸುತ್ತಾಳೆ. ಅಂಥವಳನ್ನು ಯಾರೇ ಆದರೂ ಎರಡೇ ತಿಂಗಳಲ್ಲಿ ದೂರ ಇಡುತ್ತಾರೆ, ಅಲ್ವಾ?

ವಿಷವಾಗುವ ಸ್ನೇಹ ಹಾಗಿರುವುದಿಲ್ಲ. ಅದು ನನಗೆ ಗೊತ್ತಿತ್ತು. ನಾನೂ ಅಂಥದ್ದೊಂದರಲ್ಲಿ ಎಷ್ಟೋ ವರ್ಷ ಇದ್ದವಳು. ನನಗೆ ಜ್ವರ ಬಂದಾಗ ಇಡೀ ರಾತ್ರಿ ಪಕ್ಕದಲ್ಲಿ ಕೂತವಳೇ ಮುಂದಿನ ವಾರ ನಾಲ್ಕು ಜನರ ಮುಂದೆ ನನ್ನ ಅಳುವನ್ನು ಅಣಕಿಸಿದ್ದಳು. ಎರಡೂ ನಿಜ. ಕರಡಿನಲ್ಲಿ ಎರಡನೆಯದು ಮಾತ್ರ ಬಂದಿತ್ತು, ಯಾಕೆಂದರೆ ನನ್ನ ಸಿಟ್ಟು ಆರಿರಲಿಲ್ಲ.

ಆಮೇಲೆ ಓದುತ್ತಾ ಹೋದೆ. ಮನಶ್ಶಾಸ್ತ್ರಜ್ಞೆ ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಅವರ ಸಂಗಡಿಗರ 2003ರ ಅಧ್ಯಯನವೊಂದು ಸಿಕ್ಕಿತು. ಜನ ತಮ್ಮ ದಿನದ ಕೆಲಸ ಮಾಡಿಕೊಂಡಿರುವಾಗಲೇ ಅವರ ರಕ್ತದೊತ್ತಡ ಅಳೆದಿದ್ದರು. ಸುಮ್ನೆ ಇಷ್ಟವಿಲ್ಲದವರ ಜೊತೆ ಇದ್ದಾಗಿನದಕ್ಕಿಂತ, ಪ್ರೀತಿಯೂ ಕಿರಿಕಿರಿಯೂ ಎರಡೂ ಇರುವವರ ಜೊತೆ ಇದ್ದಾಗ ಒತ್ತಡ ಜಾಸ್ತಿ ಇತ್ತು. ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಮೈ ಆ ವರ್ಷಗಳಲ್ಲಿ ಏನು ಹೇಳುತ್ತಿತ್ತು ಅನ್ನುವುದು ಆಗ ಅರ್ಥವಾಯಿತು.

ಕರಡನ್ನು ಬದಿಗಿಟ್ಟೆ. ಆ ಗೆಳತಿ ನಿಜವಾಗಿಯೂ ಒಳ್ಳೆಯವಳಾಗಿರುವ 12 ದೃಶ್ಯ ಬರೆದೆ. ನಾಟಕದ ಒಳ್ಳೆಯತನ ಅಲ್ಲ, ಓದಿದವರಿಗೆ ಇಂಥ ಗೆಳತಿ ನನಗೂ ಬೇಕು ಅನಿಸಬೇಕು. ಅವುಗಳಲ್ಲಿ ಐದು ಕಾದಂಬರಿಯಲ್ಲಿ ಉಳಿದವು. ಅವಳ ಚುಚ್ಚುಮಾತುಗಳನ್ನು ಅರ್ಧಕ್ಕರ್ಧ ತೆಗೆದೆ. ಕಡಿಮೆಯಾದಷ್ಟೂ ಉಳಿದವು ಹರಿತವಾದವು.

ಗುಟ್ಟಿನ ವಿಷಯದಲ್ಲೂ ತಪ್ಪು ಮಾಡಿದ್ದೆ. ಸಾವಿನ ಸಂಗತಿಯನ್ನು ಕೊನೆಯವರೆಗೂ ಮುಚ್ಚಿಟ್ಟು, ನಡುವೆ ಬರೀ ತಪ್ಪಿಸಿಕೊಳ್ಳುವ ದೃಶ್ಯಗಳು: ಮಾತು ಬದಲಿಸುವುದು, ಫೋನ್ ಕತ್ತರಿಸುವುದು. ಓದುವವರಿಗೆ ದಣಿವು. ಗುಟ್ಟುಗಳ ಬಗ್ಗೆ ಮನಶ್ಶಾಸ್ತ್ರಜ್ಞ ಮೈಕಲ್ ಸ್ಲೆಪಿಯನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ದಾರಿ ತೋರಿಸಿತು. ಗುಟ್ಟನ್ನು ಬೇರೆಯವರ ಎದುರು ಅಡಗಿಸಬೇಕಾದ ಹೊತ್ತು ಕಡಿಮೆಯಂತೆ. ಒಬ್ಬರೇ ಇರುವಾಗ ಮನಸ್ಸು ತಾನಾಗಿ ಅದರ ಕಡೆಗೆ ಹೋಗುವುದೇ ಹೆಚ್ಚಂತೆ. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಅದು ಸುಡುವುದು ಮುಚ್ಚಿದವರನ್ನೇ.

ಹಾಗಾಗಿ ಸಾವನ್ನು ಮೂರನೇ ಅಧ್ಯಾಯಕ್ಕೇ ತಂದೆ. ಆ ರಾತ್ರಿ ಮುಳುಗುವವಳ ಕೈ ತನ್ನ ಕೈಯಿಂದ ಜಾರಿತು ಎಂದು ಕಥೆ ಹೇಳುವವಳು ಅಲ್ಲೇ ಒಪ್ಪಿಕೊಳ್ಳುತ್ತಾಳೆ. ಬಟ್ಟೆ ಮಡಿಸುವಾಗ, ಮೆಟ್ಟಿಲು ಹತ್ತುವಾಗ ಆ ಜಾರುವಿಕೆ ಅವಳ ಬೆರಳುಗಳಿಗೆ ಮತ್ತೆ ಮತ್ತೆ ಬರುತ್ತದೆ. ಓದುವವರು ಗುಟ್ಟು ಗೊತ್ತಾಯಿತು ಅಂದುಕೊಳ್ಳುತ್ತಾರೆ. ನಿಜವಾದ ಗುಟ್ಟು ಬೇರೆಯೇ ಇದೆ.

ಅದು ಹೊಳೆದದ್ದು ನೆನಪಿನ ಬಗ್ಗೆ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಮಾಡಿದ ಪ್ರಯೋಗದಿಂದ. ಕಾರು ಅಪಘಾತದ ಕಿರುಚಿತ್ರ ತೋರಿಸಿ, ಕಾರುಗಳು "ತಾಗಿದಾಗ" ವೇಗ ಎಷ್ಟಿತ್ತು ಎಂದು 50 ಜನರನ್ನು ಕೇಳಿದರು. ಇನ್ನು 50 ಜನರಿಗೆ ಕೇಳಿದ್ದು "ಅಪ್ಪಳಿಸಿದಾಗ" ಎಂದು. ಒಂದು ವಾರದ ನಂತರ, ಒಡೆದ ಗಾಜು ನೋಡಿದಿರಾ ಎಂದರು. ಮೊದಲ ಗುಂಪಿನಲ್ಲಿ 7 ಜನ, ಎರಡನೆಯದರಲ್ಲಿ 16 ಜನ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ.

ಒಂದು ಪದ ನೆನಪಿನೊಳಗೆ ಗಾಜು ಒಡೆಯಬಲ್ಲದಾದರೆ, ಅತಿ ನಂಬುವ ಗೆಳತಿಯ ಒಂದು ಪ್ರಶ್ನೆ ಏನು ಮಾಡಲಾರದು? ಆ ಪ್ರಶ್ನೆಯನ್ನು ಎರಡು ವಾರ ಹುಡುಕಿದೆ. ನೇರವಾಗಿ "ನೀನೇ ಕೈ ಬಿಟ್ಟೆ" ಅಂದರೆ ಅದು ಆರೋಪ, ಕೇಳಿದವಳು ಇಲ್ಲ ಅನ್ನಬಹುದು. ಕೊನೆಗೆ ಸಿಕ್ಕಿದ್ದು ಇದು. ಸಾವಿನ ರಾತ್ರಿ, ನಡುಗುತ್ತಿರುವ ನಾಯಕಿಗೆ ಗೆಳತಿ ತನ್ನ ಶಾಲು ಹೊದಿಸುತ್ತಾಳೆ. ತಲೆ ಸವರುತ್ತಾಳೆ. "ನೀನು ಕೈ ಬಿಟ್ಟಾಗ ಅವಳು ಏನಾದರೂ ಅಂದಳಾ?" ಎಂದು ಮೆಲ್ಲಗೆ ಕೇಳುತ್ತಾಳೆ. ಏನೂ ಅನ್ನಲಿಲ್ಲ ಎಂದು ನಾಯಕಿ ಉತ್ತರಿಸುತ್ತಾಳೆ. ಆ ಉತ್ತರದಲ್ಲೇ ಕೈ ಬಿಟ್ಟವಳು ತಾನೆಂದು ಒಪ್ಪಿಯಾಗುತ್ತದೆ. ನಿಜದಲ್ಲಿ ಆ ಕೈ ಹಿಡಿದಿದ್ದವಳು ಗೆಳತಿ.

ಈ ದೃಶ್ಯ ಬರೆದ ದಿನ ನನಗೇ ಭಯವಾಯಿತು. ಆರೈಕೆ ಬೇರೆ, ವಿಷ ಬೇರೆ ಅಂತ ಇಲ್ಲಿ ಬಿಡಿಸಲು ಆಗುವುದಿಲ್ಲ. ಎರಡೂ ಒಂದೇ ವಾಕ್ಯ. ಗೆಳತಿ ಅದನ್ನು ಬೇಕೆಂದೇ ಕೇಳಿದಳಾ, ಹೆದರಿಕೆಯಲ್ಲಿ ಬಾಯಿಗೆ ಬಂತಾ? ಅದನ್ನು ನಾನು ಬಿಡಿಸಿ ಹೇಳಿಲ್ಲ. ಆದರೆ ಮರುದಿನ ಅವಳು ಅದನ್ನು ತಿದ್ದಲಿಲ್ಲ, 15 ವರ್ಷ ತಿದ್ದಲಿಲ್ಲ. ಅವಳ ತಪ್ಪು ಅಲ್ಲಿದೆ.

ಓದುವವರಿಗೆ ಮೋಸ ಆಗಬಾರದು ಅನ್ನುವುದು ನನ್ನ ಹಟ. ಪ್ರಶ್ನೆಗೆ ಎರಡು ಪುಟ ಮೊದಲು ಒಂದು ಸಾಲು ಇಟ್ಟೆ: ನಾಯಕಿಯ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಮೂವರ ಚಪ್ಪಲಿಗಳು. ಎರಡೂ ಕೈ ತುಂಬಿದವಳು ಇನ್ನೊಬ್ಬಳ ಕೈ ಹೇಗೆ ಹಿಡಿದಾಳು? ಕರಡು ಓದಿದ ಆರು ಜನರಲ್ಲಿ ಇಬ್ಬರು ಚಪ್ಪಲಿಯ ಹತ್ತಿರ ತಡೆದು ನಿಂತರು. ಉಳಿದವರು ಕೊನೆ ಮುಟ್ಟಿ, ಪುಟ ತಿರುವಿ ವಾಪಸ್ ಅಲ್ಲಿಗೇ ಬಂದರು. ನನಗೆ ಬೇಕಾಗಿದ್ದೂ ಅದೇ.

ಕೊನೆಯಲ್ಲಿ ಗೆಳತಿ ಸಿಕ್ಕಿಬೀಳಬೇಕು, ಶಿಕ್ಷೆ ಆಗಬೇಕು ಎಂದು ಕೆಲವರು ಹೇಳಿದರು. ಆ ಅಧ್ಯಾಯವನ್ನೂ ಬರೆದು ನೋಡಿದೆ. ಕೂಗಾಟ, ಪೊಲೀಸರು, ಒಂಬತ್ತು ಪುಟ. ತೆಗೆದುಹಾಕಿದೆ. ಈಗ ಕೊನೆಯ ಪುಟದಲ್ಲಿ ನಾಯಕಿ ಚಪ್ಪಲಿಗಳನ್ನು ನೆನಪು ಮಾಡಿಕೊಂಡು ಕತ್ತಲಲ್ಲಿ ಕೂತಿದ್ದಾಳೆ. ಫೋನಿಗೆ ಗೆಳತಿಯ ದಿನದ ಮೆಸೇಜ್ ಬರುತ್ತದೆ: "ಮನೆ ತಲುಪಿದ್ಯಾ?" ನಾಯಕಿ ಓದುತ್ತಾಳೆ. 15 ವರ್ಷದಲ್ಲಿ ಮೊದಲ ಸಲ ಉತ್ತರ ಕೊಡುವುದಿಲ್ಲ.