ಗಟ್ಟಿ ಸೊಟ್ಟ ಪಾದ: ಆಪರೇಷನ್‌ಗೂ ಮೊದಲು ಪ್ಲಾಸ್ಟರ್

ಕಾಸರಗೋಡಿನಲ್ಲಿ ನಾನು ನೋಡುವ ಸೊಟ್ಟ ಪಾದದ (ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿರುವ) ಮಕ್ಕಳಲ್ಲಿ ಹೆಚ್ಚಿನವರಿಗೆ ದೊಡ್ಡ ಆಪರೇಷನ್ ಬೇಡ. ಪೊನ್ಸೆಟಿ ಕ್ರಮದಲ್ಲಿ ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಹಾಕಿ, ಕೊನೆಗೆ ಸಣ್ಣ ಬ್ಲೇಡಿನಿಂದ ಹಿಮ್ಮಡಿಯ ಹಿಂದಿನ ಅಕಿಲಿಸ್ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಕತ್ತರಿಸಿದರೆ ಪಾದ ನೇರವಾಗುತ್ತದೆ. ಕಷ್ಟ ಕೊಡುವುದು ಆರ್ಥ್ರೋಗ್ರೈಪೋಸಿಸ್ ಮಕ್ಕಳು. ಅವರ ಕೀಲುಗಳು ಹುಟ್ಟುವಾಗಲೇ ಬಿಗಿದಿರುತ್ತವೆ.

ಇವರಿಗೂ ನಾನು ಪ್ಲಾಸ್ಟರಿನಿಂದಲೇ ಶುರು ಮಾಡುತ್ತೇನೆ. ಪೆರ್ಲದ ಒಬ್ಬ ತಾಯಿ ಕೇಳಿದ್ದರು: "ಹೇಗೂ ಆಪರೇಷನ್ ಮಾಡ್ಲಿಕ್ಕುಂಟಲ್ವಾ ಡಾಕ್ಟ್ರೇ, ಮತ್ತೆ ಸುಮ್ನೆ ಪ್ಲಾಸ್ಟರ್ ಯಾಕೆ?" ಚರ್ಮಕ್ಕಾಗಿ. ಪಾದದ ಒಳಬದಿಯ ಚರ್ಮ ಗಿಡ್ಡವಾಗಿರುತ್ತದೆ. ಅದನ್ನು ಮೊದಲೇ ಎಳೆದು ಸಡಿಲ ಮಾಡದಿದ್ದರೆ, ಪಾದ ನೇರ ಮಾಡಿದ ಮೇಲೆ ಗಾಯದ ಎರಡು ಅಂಚು ಕೂಡುವುದೇ ಇಲ್ಲ. ಮಳೆಗಾಲದಲ್ಲಿ ಮಾತ್ರ ಇಲ್ಲಿ ಪ್ಲಾಸ್ಟರ್ ಒಣಗಿಸುವುದೇ ದೊಡ್ಡ ಕೆಲಸ!

ಮಗುವಿಗೆ ಸುಮಾರು 9 ತಿಂಗಳಿಂದ 1 ವರ್ಷದೊಳಗೆ ಆಪರೇಷನ್ ಮಾಡುವುದು ನನಗಿಷ್ಟ. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ನಿಲ್ಲುವ ವಯಸ್ಸಾಗಿರುತ್ತದೆ. ಮೊದಲು ಹಿಂದಿನಿಂದ ಹೋಗಿ ಟೆಂಡನ್ ಉದ್ದ ಮಾಡುತ್ತೇನೆ, ಹಿಮ್ಮಡಿಯ ಮೇಲಿನ ಕೀಲುಗಳ ಹೊದಿಕೆ ಬಿಡಿಸುತ್ತೇನೆ. ಪ್ರತಿ ಹಂತದಲ್ಲೂ ಪಾದ ಬಗ್ಗಿಸಿ ನೋಡುತ್ತೇನೆ. ನೇರಕ್ಕೆ ಬಂತಾ, ಅಲ್ಲಿಗೇ ನಿಲ್ಲಿಸುತ್ತೇನೆ. ಎಲ್ಲವನ್ನೂ ಬಿಡಿಸಿದ ಪಾದ ಆಗ ಚಂದ ಕಂಡರೂ ದೊಡ್ಡವರಾದ ಮೇಲೆ ಸೆಟೆದು ನೋಯುತ್ತದೆ.

ಬರದಿದ್ದರೆ ಪಾದದ ಒಳಬದಿಗೆ ಹೋಗುತ್ತೇನೆ. ಕಾಲುಗಂಟಿನ ಹಿಂದೆ ಹೋಗುವ ರಕ್ತನಾಳವನ್ನು ಮೊದಲು ಹುಡುಕಿ ಪಕ್ಕಕ್ಕೆ ಸರಿಸಿಕೊಳ್ಳಬೇಕು. ಸೊಟ್ಟ ಪಾದದಲ್ಲಿ ಮುಂದಿನ ರಕ್ತನಾಳ ಎಷ್ಟೋ ಸಲ ಸಣ್ಣದು, ಕೆಲವೊಮ್ಮೆ ಇರುವುದೇ ಇಲ್ಲ. ಹಾಗಾಗಿ ಹಿಂದಿನ ನಾಳಕ್ಕೆ ಪೆಟ್ಟಾದರೆ ಬೆರಳುಗಳ ಆಸೆ ಬಿಡಬೇಕಾದೀತು. ಆಮೇಲೆ ಪಾದದ ನಡುವಿನ ನ್ಯಾವಿಕ್ಯುಲರ್ ಮೂಳೆಯನ್ನು ಟೇಲಸ್‌ನ (ಕಾಲುಗಂಟಿನ ಕೆಳಗಿನ ಮೂಳೆ) ಮುಂದೆ ಕೂರಿಸಿ, ಅಲುಗದಂತೆ ಹಿಡಿಯಲು ತೆಳು ಲೋಹದ ಕಡ್ಡಿ, ಕೆ-ವೈರ್, ಹಾಕುತ್ತೇನೆ.

ರಕ್ತ ತಡೆಯಲು ತೊಡೆಗೆ ಬಿಗಿದ ಟೂರ್ನಿಕೆಟ್ ಪಟ್ಟಿ ಸಡಿಲಿಸಿದ ಮೇಲೆ ಮುಂದಿನ ಕೆಲಸಕ್ಕೆ ಆತುರ ಬೇಡ. ಬಿಳಿಚಿಕೊಂಡ ಬೆರಳುಗಳು ಒಂದೊಂದಾಗಿ ಕೆಂಪಾಗುವವರೆಗೆ ಕಾಯುತ್ತೇನೆ. ಹೊಲಿದ ಮೇಲೆ ಪಾದ ಮೇಲೆತ್ತಿದಾಗ ಗಾಯದ ಅಂಚು ಬೆಳ್ಳಗಾದರೆ, ಪಾದವನ್ನು ಸ್ವಲ್ಪ ಕೆಳಗೆ ಬಿಟ್ಟೇ ಪ್ಲಾಸ್ಟರ್ ಹಾಕುತ್ತೇನೆ. ಉಳಿದದ್ದನ್ನು 2 ವಾರದ ನಂತರ, ಮತ್ತೆ ಅನಸ್ತೇಸಿಯಾ ಕೊಟ್ಟು ಸರಿಪಡಿಸಿದರಾಯಿತು. ಸುಮಾರು 6 ವಾರಕ್ಕೆ ವೈರ್ ತೆಗೆಯುತ್ತೇವೆ. ಅನಂತರ ಪಾದವನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್, ವರ್ಷಗಟ್ಟಲೆ.

ಇಷ್ಟೆಲ್ಲ ಮಾಡಿದರೂ ಈ ಮಕ್ಕಳಲ್ಲಿ ಪಾದ ಮತ್ತೆ ಸೊಟ್ಟಗಾಗುವುದು ಜಾಸ್ತಿ. ಇದನ್ನು ಮನೆಯವರಿಗೆ ಆಪರೇಷನ್‌ಗೆ ಮೊದಲೇ ಹೇಳಿಬಿಡುತ್ತೇನೆ. ಪಾದ ಹಾಗೆ ತಿರುಗಿದರೆ ಮತ್ತೆ ಪ್ಲಾಸ್ಟರಿಗೇ ಹೋಗುತ್ತೇನೆ. ಹಳೇ ಗಾಯದ ಮೇಲೆ ಮತ್ತೆ ಕೊಯ್ದರೆ ಪಾದ ಇನ್ನಷ್ಟು ಗಟ್ಟಿಯಾಗುತ್ತದೆ. ಟೇಲಸ್ ಮೂಳೆಯನ್ನೇ ತೆಗೆಯುವ ಆಪರೇಷನ್ ಒಂದಿದೆ. ಬೇರೇನೂ ಉಳಿಯದಾಗ ಮಾತ್ರ ಅದರ ಮಾತೆತ್ತುತ್ತೇನೆ.